ಮಾರಿಷಸ್ಸಿಗೆ ಹೊರಟ ಮಾಯಿಲಪ್ಪ

ತಿತಿಮತಿಯಿಂದ ಗೋಣಿಕೊಪ್ಪಲಿನ ಕಡೆಗೆ ಎರಡು ಮೈಲಿ ಬಂದರೆ, ಕಾಡು ಹಿಂದೆ ಸರಿದು ಕಾಫಿ ಮುಂದಾಗುವ ಜಾಗದಲ್ಲಿ ಕುಶಾಲಪ್ಪನವರ ಎಸ್ಟೇಟು. ಅಲ್ಲಿನ ನರ್ಸರಿಗೆ ಇಪ್ಪತ್ತೈದು ವರ್ಷದಿಂದ ಮಾಯಿಲಪ್ಪನೇ ರೈಟರ್. ರೈಟರ್ ಎನ್ನುವುದು ಹೆಸರಿಗೆ. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ನಾಲ್ಕು ಗೀಟು ಎಳೆದರೆ ಮುಗಿಯಿತು, ಉಳಿದ ಹೊತ್ತೆಲ್ಲ ಮಂಡಿಯೂರಿ ಮಣ್ಣಿನಲ್ಲೇ. ಅವನು ಹಾಕಿದ ಕಾಫಿ ಬೀಜದಲ್ಲಿ ನೂರಕ್ಕೆ ತೊಂಬತ್ತು ಹುಟ್ಟುತ್ತಿದ್ದವು. ಹುಟ್ಟದ ಹತ್ತಕ್ಕಾಗಿ ವಾರಗಟ್ಟಲೆ ಬೇಸರ ಮಾಡಿಕೊಳ್ಳುತ್ತಿದ್ದ. ಇಂಥವನು ಊರು ಬಿಟ್ಟು ಎಲ್ಲಿಗಾದರೂ ಹೋದಾನೆಯೇ ಎಂದು ನೀವು ಕೇಳಬಹುದು. ಊರಿನವರು ಕೇಳುತ್ತಿರಲಿಲ್ಲ. ಯಾಕೆಂದರೆ ಮಾಯಿಲಪ್ಪ ಇಪ್ಪತ್ತು ವರ್ಷದಿಂದ ಹೊರಟೇ ಇದ್ದ.

ಶುರುವಾದದ್ದು ಒಂದು ಭೂಪಟದ ಪುಸ್ತಕದಿಂದ. ಕುಶಾಲಪ್ಪನವರು ಎಸ್ಟೇಟು ಕೊಳ್ಳುವ ಮೊದಲು ಅಲ್ಲಿ ಒಬ್ಬ ಇಂಗ್ಲಿಷ್ ದೊರೆ ಇದ್ದ. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವನು ಗಂಟುಮೂಟೆ ಕಟ್ಟಿದಾಗ ಬಂಗಲೆಯ ಜಗಲಿಯಲ್ಲಿ ಬೇಡದ ಸಾಮಾನೆಲ್ಲ ರಾಶಿ ಬಿದ್ದಿತ್ತು. ಯಾರೋ ಕುರ್ಚಿ ಹೊತ್ತುಕೊಂಡು ಹೋದರು, ಯಾರೋ ಲಾಂದ್ರ ತೆಗೆದುಕೊಂಡರು. ಕೊನೆಗೆ ಬಂದ ಮಾಯಿಲಪ್ಪನ ಪಾಲಿಗೆ ಉಳಿದದ್ದು ರಟ್ಟು ಹರಿದ ಆ ಪುಸ್ತಕ. ಇಂಗ್ಲಿಷ್ ಅಕ್ಷರವನ್ನು ಅವನು ಒಂದೊಂದಾಗಿ ಕೂಡಿಸಿ ಓದಬಲ್ಲವನು. ಇಂಡಿಯಾದ ಹಾಳೆ, ವಿಲಾಯತಿಯ ಹಾಳೆ ಎಲ್ಲ ತಿರುಗಿಸಿ ಹಿಂದೂ ಮಹಾಸಾಗರದ ಹಾಳೆಗೆ ಬಂದ. ಅಲ್ಲಿ ಬರೀ ನೀಲಿ. ನೀಲಿಯ ನಡುವೆ ಸಾಸಿವೆ ಚೆಲ್ಲಿದ ಹಾಗೆ ನಾಲ್ಕಾರು ಚುಕ್ಕಿ. ಒಂದು ಚುಕ್ಕಿಯಲ್ಲಿ ಜನ ಇರುತ್ತಾರಂತೆ, ಗುಡ್ಡ ಇರುತ್ತದಂತೆ, ಗದ್ದೆ, ಅಂಗಡಿ, ಕೋರ್ಟು ಎಲ್ಲವೂ ಇರುತ್ತದಂತೆ! ಮನಸ್ಸು ಅಲ್ಲಿ ಹೋಗಿ ಕೂತದ್ದು ಮತ್ತೆ ಏಳಲಿಲ್ಲ.

ಅಂದಿನಿಂದ ಭಾನುವಾರ ಮಧ್ಯಾಹ್ನಗಳಲ್ಲಿ ತಿತಿಮತಿಯ ಚಹಾದಂಗಡಿಯ ಬೆಂಚಿನ ಮೇಲೆ ಅವನ ಪ್ರಯಾಣ ಹೊರಡುತ್ತಿತ್ತು. ಮೈಸೂರು, ಬೆಂಗಳೂರು, ಬೊಂಬಾಯಿ. ಬೊಂಬಾಯಿಯಲ್ಲಿ ಹಡಗು. ಷರಟು ಎಷ್ಟು ಬೇಕು, ಕಂಬಳಿ ಒಯ್ಯಬೇಕೋ ಬೇಡವೋ, ಅಲ್ಲಿ ಅನ್ನ ಸಿಗುತ್ತದೆಯೋ ಇಲ್ಲವೋ, ಸಿಗದಿದ್ದರೆ ಎಷ್ಟು ಸೇರು ಅಕ್ಕಿ, ಎಲ್ಲದಕ್ಕೂ ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ. ನರ್ಸರಿ ಮೇಸ್ತ್ರಿ ನಾಣಯ್ಯ, ಮೂವತ್ತು ದಾಟಿಯೂ ಮದುವೆಯ ಗೋಜಿಗೆ ಹೋಗದವನು, ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ಯಾವಾಗ ಹೊರಡೋದು ರೈಟ್ರೇ?" ಎಂದರೆ, "ಈ ಮಳೆಗಾಲ ಒಂದು ಕಳೀಲಿ" ಎನ್ನುವುದು ಮಾಯಿಲಪ್ಪನ ಖಾಯಂ ಉತ್ತರ. ಕೊಡಗಿನಲ್ಲಿ ಮಳೆಗಾಲ ಎಷ್ಟು ಉದ್ದವೆಂದು ಬಲ್ಲವರಿಗೆ ಈ ಉತ್ತರದ ಅನುಕೂಲವೂ ತಿಳಿದೀತು. ಇಷ್ಟಾಗಿ ಅವನು ಮೈಸೂರಿನಿಂದಾಚೆ ಕಾಲಿಟ್ಟವನಲ್ಲ, ಸಮುದ್ರ ನೋಡಿದವನಲ್ಲ. ನೀರಿನ ಮೇಲೆ ಹೋದದ್ದು ಜನ್ಮಕ್ಕೆ ಒಂದೇ ಸಲ, ನೆಂಟರ ಮದುವೆಗೆಂದು ಲಕ್ಷ್ಮಣತೀರ್ಥವನ್ನು ತೆಪ್ಪದಲ್ಲಿ ದಾಟಿದಾಗ. ಬರುವಾಗ ತೆಪ್ಪ ಬೇಡವೆಂದು ಹನ್ನೊಂದು ಮೈಲಿ ಸುತ್ತು ಹಾಕಿ ನಡೆದು ಬಂದಿದ್ದ.

ಅರವತ್ತೊಂಬತ್ತನೆಯ ಇಸವಿಯ ಮೇ ತಿಂಗಳಲ್ಲಿ ಕುಶಾಲಪ್ಪನವರಿಗೆ ಒಂದು ಕಾಗದ ಬಂತು. ಅವರ ಜೊತೆ ಓದಿದ ಗೆಳೆಯನೊಬ್ಬ ಮಾರಿಷಸ್ ದ್ವೀಪದಲ್ಲಿ ನೆಲೆ ನಿಂತಿದ್ದ. ಆ ದ್ವೀಪಕ್ಕೆ ಹಿಂದಿನ ವರ್ಷವಷ್ಟೇ ಸ್ವಾತಂತ್ರ್ಯ ಬಂದಿತ್ತು. ಅಲ್ಲಿ ಗುಡ್ಡದ ಮೇಲೆ ಜಾಗ ತೆಗೆದು ಕಾಫಿ ಹಾಕಬೇಕೆಂದು ಗೆಳೆಯನ ಹಟ. ಸಸಿ ಎಬ್ಬಿಸಬಲ್ಲ ಒಬ್ಬ ನಂಬಿಕೆಯ ಮನುಷ್ಯನನ್ನು ಮೂರು ವರ್ಷಕ್ಕೆ ಕಳಿಸಿಕೊಡು, ಹಡಗಿನ ಟಿಕೆಟ್ಟು ನನ್ನದು, ಸೆಪ್ಟೆಂಬರಿನಲ್ಲಿ ಹೊರಡಲಿ ಎಂದು ಬರೆದಿದ್ದ. ಕುಶಾಲಪ್ಪನವರು ಒಳ್ಳೆಯವರು. ಒಳ್ಳೆಯವರ ಕೈಗೆ ಸಿಕ್ಕಿಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಮರುದಿನ ಬೆಳಿಗ್ಗೆ ಲೈನಿನ ಆಳುಗಳೆಲ್ಲ ಹಾಜರಿಗೆ ನಿಂತಿದ್ದಾಗ ಅವರೇ ಬಂದು ಮಾಯಿಲಪ್ಪನ ಹೆಗಲ ಮೇಲೆ ಕೈ ಹಾಕಿದರು.

"ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ ನಿನ್ನ ದ್ವೀಪದ ಕಥೆ. ಹೋಗಿ ಬಾ ಮಾರಾಯ, ನಾನೇ ಕಳಿಸ್ತೀನಿ."

ಆಳುಗಳು ಹೋ ಎಂದು ಕೂಗಿದರು. ಗೊಬ್ಬರದ ಬುಟ್ಟಿ ಹೊತ್ತಿದ್ದ ಹುಚ್ಚಮ್ಮ ಬುಟ್ಟಿ ಇಳಿಸಿ ಚಪ್ಪಾಳೆ ತಟ್ಟಿದಳು. ಮಾಯಿಲಪ್ಪ ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿದ. ಅಷ್ಟು ಜನರ ಎದುರಿಗೆ ಬೇರೆ ಏನು ಹೇಳುವುದು? "ಆಗ್ಲಿ ಸಾರ್" ಎಂದುಬಿಟ್ಟ.

ಆವತ್ತು ಮಧ್ಯಾಹ್ನ ಸಸಿ ಮಡಿಗಳ ನಡುವೆ ಒಬ್ಬನೇ ಕೂತಾಗ ಅವನಿಗೆ ವಿಷಯ ತಿಳಿಯಿತು. ಅವನಿಗೆ ಹೋಗುವುದು ಬೇಡವಾಗಿತ್ತು. ಚೂರೂ ಬೇಡವಾಗಿತ್ತು. ಇಷ್ಟು ವರ್ಷ ಬೆಂಚಿನ ಮೇಲೆ ಹಡಗು ಹತ್ತಿದವನು ಕತ್ತಲಾಗುವುದರೊಳಗೆ ಮನೆಗೆ ಬಂದು ಹೆಂಡತಿ ಕಮಲಳ ಕೈಯ ಊಟ ಮಾಡುತ್ತಿದ್ದ. ಅವನು ಕಂಡ ಪ್ರಯಾಣವೆಲ್ಲ ಅಂಥದೇ. ಇದು ನೋಡಿದರೆ ಮೂರು ವರ್ಷ! ಆದರೆ ಬೇಡ ಅನ್ನುವುದು ಯಾವ ಮುಖದಲ್ಲಿ? ಇಪ್ಪತ್ತು ವರ್ಷ ಕೊಚ್ಚಿಕೊಂಡದ್ದೆಲ್ಲ ಸುಳ್ಳು, ಮಾಯಿಲಪ್ಪ ಬಾಯಿಬಡುಕ, ಎಂದು ತಿತಿಮತಿಯಿಂದ ಗೋಣಿಕೊಪ್ಪಲಿನ ತನಕ ಆಡಿಕೊಂಡು ನಗುವುದಿಲ್ಲವೇ?

ಕಮಲ ಒಂದು ಮಾತು ಬೇಡ ಅಂದರೆ ಸಾಕಿತ್ತು. ಹೆಂಡತಿ ಬಿಡಲೊಲ್ಲಳು ಎಂದು ಎಲ್ಲರಿಗೂ ಹೇಳಿ ಬಚಾವಾಗಬಹುದಿತ್ತು. ಇಬ್ಬರೂ ಪಶ್ಚಿಮದ ಚೇರಂಬಾಣೆ ಕಡೆಯ ಅರೆಭಾಷೆಯವರು. ಮಗಳು ಪ್ರೇಮಾವತಿಯನ್ನು ಶನಿವಾರಸಂತೆಯ ಕಡೆ ಕೊಟ್ಟ ಮೇಲೆ ಕ್ವಾರ್ಟರ್ಸಿನಲ್ಲಿ ಗಂಡಹೆಂಡಿರು ಇಬ್ಬರೇ. ಅವಳಾದರೂ ಅತ್ತಾಳು ಎಂದು ಕಾದ. ಅವಳು ಸುದ್ದಿ ಕೇಳಿ, "ಒಳ್ಳೇದಾತ್. ನಿಮ್ಮ ಆಸೆ ಅಲ್ಲಾ?" ಎಂದು ಒಳಗೆ ಹೋದಳು. ಮಾರನೆಯ ದಿನದಿಂದಲೇ ತಯಾರಿ. ಕಾಡುಮಾವಿನ ಉಪ್ಪಿನಕಾಯಿ ಒಂದು ಭರಣಿ, ಕರಿಮೆಣಸು ಒಂದು ಡಬ್ಬಿ, ಸಾರಿನ ಹುಳಿಗೆ ಕಾಚಂಪುಳಿ ಎರಡು ಶೀಷೆ, ಹೊಸ ಬನಿಯನ್ನು ಆರು. ಹಳೆಯ ಟ್ರಂಕಿಗೆ ಬಣ್ಣ ಕೂಡ ಹೊಡೆಸಿದಳು. ಇವಳಿಗೆ ನನ್ನನ್ನು ಸಾಗಹಾಕಲು ಇಷ್ಟು ಅವಸರವೇ ಎಂದು ಮಾಯಿಲಪ್ಪನಿಗೆ ಒಳಗೊಳಗೇ ಸಿಟ್ಟು ಬಂತು. ಸಿಟ್ಟನ್ನು ಉಪ್ಪಿನಕಾಯಿಯ ಮೇಲೆ ತೀರಿಸಿಕೊಂಡು, "ಉಪ್ಪು ಜಾಸ್ತಿ ಆತ್" ಎಂದ. ಅವಳು ಇನ್ನೊಂದು ಭರಣಿ ಹಾಕಿದಳು.

ಹಡಗಿನ ವಿಚಾರ ತಿಳಿದುಕೊಳ್ಳಲು ಗೋಣಿಕೊಪ್ಪಲಿನ ಮೊಯ್ದು ಹಾಜಿಯ ಹತ್ತಿರ ಹೋದ. ಕರಿಮೆಣಸಿನ ವ್ಯಾಪಾರದ ಹಾಜಿ ಹಜ್ ಯಾತ್ರೆಗೆ ಹಡಗಿನಲ್ಲೇ ಹೋಗಿ ಬಂದವರು. ಭಯವಾಗುವಂಥದ್ದು ಏನಾದರೂ ಹೇಳಿದರೆ ಅದನ್ನೇ ನೆಪ ಮಾಡಬಹುದೆಂದು ಮಾಯಿಲಪ್ಪನ ಲೆಕ್ಕ. "ನಾಲ್ಕು ದಿವಸ ವಾಂತಿ ಉಂಟು ರೈಟ್ರೇ, ಮತ್ತೆ ಎಲ್ಲ ಶೆರಿ ಆಯ್ತದೆ. ಒಂದು ಲಿಂಬೆಹಣ್ಣು ಇಟ್ಕೊಳ್ಳಿ ಕಿಸೆಯಲ್ಲಿ" ಎಂದು ಹಾಜಿ ಬೆನ್ನು ತಟ್ಟಿ, ಬಿಟ್ಟಿ ಚಹಾ ಕುಡಿಸಿ ಕಳಿಸಿದರು. ಊರಿಗೆ ಊರೇ ಸೇರಿ ಅವನನ್ನು ಹಡಗಿಗೆ ದಬ್ಬುತ್ತಿತ್ತು. ಕೋಟು ಎರವಲು ತಂದು ಫೋಟೋ ತೆಗೆಸಿದ್ದಾಯಿತು. ಪಾಸ್‌ಪೋರ್ಟಿನ ಅರ್ಜಿ ಹೋಯಿತು. ಇನ್ನು ಉಳಿದದ್ದು ಡಾಕ್ಟರ ಸರ್ಟಿಫಿಕೇಟು ಒಂದೇ. ಮೈಸೂರಿನ ಒಬ್ಬ ಡಾಕ್ಟರು ಪರೀಕ್ಷೆ ಮಾಡಿ ಆರೋಗ್ಯವಾಗಿದ್ದಾನೆ ಎಂದು ರುಜು ಹಾಕಬೇಕು. ಆಗಸ್ಟ್ ನಾಲ್ಕು, ಬೆಳಿಗ್ಗೆ ಹತ್ತೂವರೆ ಎಂದು ಸಮಯ ಗೊತ್ತಾಯಿತು.

ಆಗಸ್ಟ್ ಮೂರು ಆಟಿ ತಿಂಗಳ ಹದಿನೆಂಟು. ಕೊಡಗಿನ ಮನೆಗಳಲ್ಲಿ ಆವತ್ತು ಒಲೆಯ ಮೇಲೆ ಏನಿರುತ್ತದೆಂದು ಕೇಳಬೇಕಾದ್ದೇ ಇಲ್ಲ. ಬೇಲಿಯಂಚಿನಲ್ಲಿ ಬೆಳೆಯುವ ಮದ್ದುಸೊಪ್ಪಿಗೆ ಆ ಒಂದು ದಿನ ಹದಿನೆಂಟು ಬಗೆಯ ಔಷಧ ಬಂದು ಸೇರುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡುನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ಉಂಡವರಿಗೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೆ ಮದ್ದು ಮೈಗೆ ಹಿಡಿಯಿತೆಂದು ಸಂತೋಷ; ಅಕ್ಕಪಕ್ಕದವರು ಮುಖ ತೊಳೆಯುತ್ತಲೇ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೂ ಇದನ್ನೇ. ಕಮಲ ಪಾಯಸ ಬಡಿಸಿದಳು. ಮುಂದಿನ ಮೂರು ವರ್ಷ ಈ ಸೊಪ್ಪಿನ ಮುಖ ನೋಡಲಿಕ್ಕಿಲ್ಲ ಎಂಬ ದುಃಖದಲ್ಲಿ ಮಾಯಿಲಪ್ಪ ಮೂರು ಬಟ್ಟಲು ಉಂಡ.

ಮಾರನೆಯ ಬೆಳಿಗ್ಗೆ ಬಣ್ಣ ಯಾವ ವರ್ಷಕ್ಕೂ ಕಡಿಮೆ ಇರಲಿಲ್ಲ. ಮೊದಲನೆಯ ಬಸ್ಸಿನಲ್ಲಿ ಕೂತು ಹುಣಸೂರು ದಾಟುವಾಗ ಅವನಿಗೆ ಇದರ ನೆನಪಾಯಿತು. ಡಾಕ್ಟರು ಗಾಬರಿಯಾದಾರು, ಮೊದಲೇ ಹೇಳಿಬಿಡಬೇಕು, ನಿನ್ನೆ ಆಟಿ ಹದಿನೆಂಟು ಸಾರ್, ನಮ್ಮ ಕಡೆ ಇದು ಮಾಮೂಲು ಸಾರ್ ಎಂದು ಬಾಯಿಪಾಠ ಮಾಡಿಕೊಂಡ. ಆಣೆ ಮಾಡಿ ಹೇಳಬಹುದು, ಅಲ್ಲಿಯವರೆಗೆ ಅವನ ಮನಸ್ಸಿನಲ್ಲಿ ಯಾವ ಮೋಸವೂ ಇರಲಿಲ್ಲ.

ಡಾಕ್ಟರು ಧಾರವಾಡದ ಕಡೆಯ ಯುವಕ, ಮೈಸೂರಿಗೆ ಬಂದು ಆರು ತಿಂಗಳಾಗಿತ್ತು. ನಾಲಗೆ ನೋಡಿದರು, ಕಣ್ಣು ನೋಡಿದರು, ಬೆನ್ನ ಮೇಲೆ ಟಕಟಕ ಕುಟ್ಟಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಗಾಜಿನ ಶೀಷೆ ಕೊಟ್ಟು ಹಿಂದಿನ ಕೋಣೆಗೆ ಕಳಿಸಿದರು. ಮಾಯಿಲಪ್ಪ ಶೀಷೆ ತಂದು ಮೇಜಿನ ಮೇಲಿಟ್ಟ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹಾಗೇ ಕುರ್ಚಿಯಲ್ಲಿ ಕುಸಿದರು.

"ಎಷ್ಟ್ ದಿವ್ಸಾತು ಹಿಂಗಾಗಿ?"

ಹೇಳಬೇಕೆಂದು ಮಾಯಿಲಪ್ಪ ಬಾಯಿ ತೆರೆದ. ಡಾಕ್ಟರ ಮುಖ ನೋಡಿದ. ಆ ಮುಖದಲ್ಲಿ ಅವನಿಗೆ ತನ್ನ ಬಿಡುಗಡೆ ಕಂಡಿತು.

"ಇವತ್ತು ಬೆಳಿಗ್ಗೆಯಿಂದ" ಎಂದ.

"ನೋವದ ಏನು?"

"ಇಲ್ಲ ಸಾರ್."

"ಮೊದಲೂ ಆಗಿತ್ತೇನು?"

"ಹೋದ ವರ್ಷ ಆಗಿತ್ತು."

"ಅದರ ಹಿಂದಿನ ವರ್ಷ?"

"ಆಗ್ಲೂ ಆಗಿತ್ತು. ವರ್ಷಕ್ಕೆ ಒಂದೇ ಸಲ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. "ಮನಿಯೊಳಗ ಬ್ಯಾರೆ ಯಾರಿಗರೆ ಅದ ಏನು?"

"ಎಲ್ರಿಗೂ ಉಂಟು. ನಮ್ಮಪ್ಪನಿಗಿತ್ತು, ಅಜ್ಜನಿಗೂ ಇತ್ತು."

"ಅವರು ಈಗ?"

"ತೀರಿಕೊಂಡ್ರು."

ಅಜ್ಜ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡದ್ದನ್ನು ಡಾಕ್ಟರು ಕೇಳಲಿಲ್ಲ, ಇವನೂ ಹೇಳಲಿಲ್ಲ. ನೋಡಿ, ಒಂದಾದರೂ ಸುಳ್ಳು ಹೇಳಿದನೇ? ನಿಜವನ್ನೇ ಹೇಳುತ್ತ ಹೇಳುತ್ತ ಒಬ್ಬ ವಿದ್ಯಾವಂತ ಡಾಕ್ಟರನ್ನು ನಡುಗಿಸಿಬಿಟ್ಟ. ಡಾಕ್ಟರು ಒಂದು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದು ಲಕೋಟೆಗೆ ಹಾಕಿ ಅಂಟಿಸಿ, ಮಾಲೀಕರಿಗೆ ಕೊಡಬೇಕೆಂದರು. ಸಮುದ್ರ ಪ್ರಯಾಣ ಖಂಡಿತ ಕೂಡದು, ದೊಡ್ಡಾಸ್ಪತ್ರೆಯಲ್ಲಿ ತೋರಿಸಬೇಕು, ವಿಶ್ರಾಂತಿ ಬೇಕು. ಫೀಸು ಬೇಡವೆಂದು ಅವನ ಕೈ ಹಿಡಿದು ಬಾಗಿಲ ತನಕ ಬಂದು ಬಿಟ್ಟರು. ಅಷ್ಟು ಒಳ್ಳೆಯ ಹುಡುಗನಿಗೆ ಹೀಗೆ ಮಾಡಿದೆನಲ್ಲ ಎಂದು ಮಾಯಿಲಪ್ಪನಿಗೆ ಮೆಟ್ಟಲಿಳಿಯುವಾಗ ಚುರುಕ್ಕೆಂದಿತು. ರಸ್ತೆಗೆ ಬರುವಷ್ಟರಲ್ಲಿ ಮರೆತೂ ಹೋಯಿತು.

ಅಬ್ಬಾ, ಆ ಮಧ್ಯಾಹ್ನ! ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಹಡಗು ಇಳಿದು ಹೋಗಿತ್ತು. ಮೈಸೂರಿನಲ್ಲಿ ಮಳೆ ಬಿಟ್ಟು ಎಳೆಬಿಸಿಲು. ಹೋಟೆಲಿಗೆ ಹೊಕ್ಕು ಎರಡು ಮಸಾಲೆ ದೋಸೆ ತಿಂದ, ಸಾಲದೆಂದು ಒಂದು ಜಾಮೂನು ತರಿಸಿಕೊಂಡ. ಮಾರ್ಕೆಟ್ಟಿನಲ್ಲಿ ನಾಲ್ಕು ಮೊಳ ಮಲ್ಲಿಗೆ ಕೊಂಡ. ಕಮಲಳಿಗೆ ಹೂವು ಕೊಂಡು ಎಷ್ಟು ವರ್ಷವಾಗಿತ್ತೋ ಅವನಿಗೇ ಗೊತ್ತಿರಲಿಲ್ಲ. ಎದುರಿಗೆ ಬಂದ ಜಟಕಾದವನಿಗೂ ಒಂದು ನಮಸ್ಕಾರ ಹೊಡೆದ.

ತಿರುಗಿ ಬರುವ ಬಸ್ಸು ಕಾಡಿನ ರಸ್ತೆಗೆ ಹೊರಳಿದಾಗ ಅವನಿಗೆ ಒಂದು ವಿಷಯ ಹೊಳೆಯಿತು. ಊರಿನಲ್ಲಿ ಏನು ಹೇಳುವುದು? ಆಗಸ್ಟ್ ನಾಲ್ಕರಂದು ಮೂತ್ರ ಕೆಂಪಗಿತ್ತು, ಅದಕ್ಕೆ ಡಾಕ್ಟರು ಬೇಡವೆಂದರು ಎಂದರೆ ತೊಟ್ಟಿಲಲ್ಲಿರುವ ಕೂಸೂ ನಕ್ಕೀತು. ಮದ್ದುಸೊಪ್ಪಿನ ಮಾತು ತೆಗೆಯದೆ ಯಾಕೆ ಬಂದೆ ಎಂದು ಕೇಳದವರು ಯಾರು? ಮೈಸೂರಿನಲ್ಲಿ ದೊಡ್ಡ ರೋಗವಾದದ್ದು ತಿತಿಮತಿಯ ಅರಣ್ಯ ಗೇಟು ದಾಟಿದರೆ ರೋಗವೇ ಅಲ್ಲ. ಬೇರೆ ಕಾಯಿಲೆ ಬೇಕಿತ್ತು. ಬಸ್ಸು ನಿಲ್ಲುವುದರೊಳಗೆ ಮಾಯಿಲಪ್ಪ ಒಂದನ್ನು ಆರಿಸಿಕೊಂಡ. ಲಕೋಟೆಯನ್ನು ಬಂಗಲೆಯ ಅಡುಗೆಯವನ ಕೈಗೆ ಕೊಟ್ಟ. ಕುಶಾಲಪ್ಪನವರು ಮಡಿಕೇರಿಗೆ ಹೋಗಿದ್ದರು. ಡಾಕ್ಟರ ಇಂಗ್ಲಿಷು ಅವರಿಗೆಲ್ಲಿ ಅರ್ಥವಾಗುತ್ತದೆ ಎಂದು ಧೈರ್ಯ ತಂದುಕೊಂಡು ಮನೆಗೆ ಬಂದ.

"ಎದೆ ಒಂಚೂರು ವೀಕ್ ಉಟ್ಟುತ ಡಾಕ್ಟ್ರು ಹೇಳ್ದೊ. ಹಡಗುಲಿ ಹೋಕೆ ಆದುಲೆ" ಎಂದು ಕಮಲಳಿಗೆ ಮಲ್ಲಿಗೆ ಕೊಡುತ್ತ ಹೇಳಿದ.

ಅವಳು ಸಂತೋಷಪಟ್ಟಾಳೋ ಬೇಸರಪಟ್ಟಾಳೋ ಎಂದು ಅವನು ಯೋಚಿಸಿದ್ದ. ಅವಳು ಎರಡೂ ಮಾಡಲಿಲ್ಲ. ಹೂವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಿಳಿಚಿಕೊಂಡಳು. ಆಮೇಲೆ ಅವನ ಕೈಚೀಲ ಇಸಿದುಕೊಂಡು, ಕೂರಲು ಮಣೆ ಹಾಕಿ, ಬಿಸಿನೀರು ತಂದು ತಾನೇ ಅವನ ಕಾಲು ತೊಳೆಯಲು ಕೂತಳು. ಮಲ್ಲಿಗೆಯನ್ನು ದೇವರಿಗೆ ಏರಿಸಿದಳು.

ಮರುದಿನದಿಂದ ಮಾಯಿಲಪ್ಪ ಎದೆರೋಗಿ. ಮೆಟ್ಟಲು ಹತ್ತಕೂಡದು, ನೀರು ಸೇದಕೂಡದು, ಹಂದಿ ಮಾಂಸ ತಿನ್ನಕೂಡದು, ಜೋರಾಗಿ ಸೀನಲೂ ಕೂಡದು. ಕಮಲ ಸೋಮವಾರ ಶನಿವಾರ ಒಪ್ಪತ್ತು ಹಿಡಿದಳು. ಭಾಗಮಂಡಲಕ್ಕೆ ಹರಕೆ ಹೊತ್ತಳು. ನಾಣಯ್ಯ ಅವನ ಕೈಯಿಂದ ಮಣ್ಣಿನ ಬುಟ್ಟಿ ಕಿತ್ತುಕೊಂಡು, "ನೀವು ಬರೀ ನಿಂತು ನೋಡಿ ರೈಟ್ರೇ, ಸಾಕು" ಎಂದ. ಕುಶಾಲಪ್ಪನವರು ದಿನಾ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ, "ಎದೆ ಹೇಗಿದೆ ಮಾಯಿಲಪ್ಪ?" ಎನ್ನುತ್ತಿದ್ದರು. "ಪರವಾಗಿಲ್ಲ ಸಾರ್" ಎಂದು ಇವನು ಕೈಯನ್ನು ಎದೆಯ ಮೇಲಿಡುತ್ತಿದ್ದ. ಮೊದಲ ಎರಡು ದಿನ ಇದೆಲ್ಲ ಚೆನ್ನಾಗಿಯೇ ಇತ್ತು. ಹೋಗಬೇಕಾಗಿಲ್ಲ ಎಂಬ ನೆಮ್ಮದಿಯಲ್ಲಿ ಸಪ್ಪೆ ಗಂಜಿಯೂ ರುಚಿಯಾಗಿತ್ತು.

ಆದರೆ ಕಮಲ ಇಳಿದು ಹೋಗುತ್ತಿದ್ದಳು. ಬೆಳಗಾದರೆ ಅವಳ ಕಣ್ಣು ಕೆಂಪು. ಅವನು ಕೆಮ್ಮಿದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು, ನಡುಹಗಲು ಮಲಗಿದ್ದರೆ ಉಸಿರಾಡುತ್ತಿದ್ದಾನೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ಅದನ್ನು ಕಂಡ. ನಾಚಿಕೆಯಿಂದ ಸಾಯುವಂತಾಯಿತು.

ಹತ್ತನೆಯ ದಿನ ನಾಟಿ. ಎಸ್ಟೇಟಿನ ಕೆಳಗಿನ ಗದ್ದೆಯಲ್ಲಿ ಅರ್ಧ ಎಕರೆಯನ್ನು ರೈಟರಿಗೆಂದು ಬಿಟ್ಟಿದ್ದರು. ಭತ್ತದ ಅಗೆ ಕಿತ್ತು ಹೊರೆ ಮಾಡಿ ಹೊತ್ತು ತರುವುದು ಪ್ರತಿ ವರ್ಷ ಮಾಯಿಲಪ್ಪನ ಕೆಲಸ. ಈ ಸಲ ಅವನನ್ನು ಬದುವಿನ ಮೇಲೆ ಮಳೆಗೆ ಎಲೆಯ ಗೊರಬೆ ಹೊದಿಸಿ ಕೂರಿಸಿ ಕಮಲಳೇ ಹೊರೆ ಹೊತ್ತಳು. ಜಡಿಮಳೆ. ಮೊದಲ ಹೊರೆ ತಂದು ಹಾಕಿದಳು, ಎರಡನೆಯದು ತಂದಳು. ಮೂರನೆಯದನ್ನು ತರುವಾಗ ಕಾಲು ಜಾರಿ ಹೊರೆಯ ಸಮೇತ ಕೆಸರಿನಲ್ಲಿ ಕೂತುಬಿಟ್ಟಳು. ಮಾಯಿಲಪ್ಪ ಗೊರಬೆ ಎಸೆದು ಗದ್ದೆಗೆ ಧುಮುಕಿ ಓಡಿದ.

"ಓಡ್ಬೇಡಿ! ಎದೆ, ಎದೆ!" ಎಂದು ಅವಳು ಕೆಸರಿನಲ್ಲಿ ಕೂತೇ ಕಿರುಚಿದಳು.

"ಎದೆಗೆ ಎಂತದೂ ಆತ್‌ಲೆ, ಮಾರಾಯ್ತಿ!" ಅವನೂ ಕಿರುಚಿದ. "ಮದ್ದುಸೊಪ್ಪು! ಡಾಕ್ಟ್ರು ಶೀಷೆ ನೋಡಿ ಹೆದ್ರಿದೊ. ನಾ ಬಾಯಿ ಬಿಟ್ಟಿಲ್ಲೆ."

ಕಮಲ ಅವನ ಮುಖವನ್ನೇ ನೋಡಿದಳು. ಆಟಿ ಹದಿನೆಂಟು, ಮೂರು ಬಟ್ಟಲು ಪಾಯಸ, ಮರುದಿನ ಮೈಸೂರು, ಎಲ್ಲ ಅವಳೊಳಗೆ ಒಂದೊಂದಾಗಿ ಕೂಡಿಕೊಂಡವು. ಮೊದಲು ಒಂದು ನಗು ಬಂತು. ನಗು ನಿಲ್ಲುವ ಮೊದಲೇ ಅಳು ಬಂತು. ಅಳು ಮುಗಿಯುವ ಮೊದಲೇ ಸಿಟ್ಟು ಬಂದು, ಕೈಗೆ ಸಿಕ್ಕಿದ ಅಗೆಯ ಕಟ್ಟಿನಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದಳು. ಪಕ್ಕದ ಗದ್ದೆಯಲ್ಲಿ ನೆಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಎದೆರೋಗಿಗೆ ಹೀಗೂ ಔಷಧ ಉಂಟೇ ಎಂದು ಅವರು ಅಂದುಕೊಂಡಿರಬೇಕು.

"ಹತ್ತು ದಿನ! ಹತ್ತು ದಿನ ರಾತ್ರಿ ನಾ ಒರಗಿಲ್ಲೆ. ಎಂತಕೆ ಹೀಂಗೆ ಮಾಡಿದ್ರಿ?"

"ನಂಗೆ ಹೋಕೆ ಮನ್ಸ್ ಇಲ್ಲೆ" ಎಂದ ಮಾಯಿಲಪ್ಪ. ಇಷ್ಟು ಸಣ್ಣ ಮಾತನ್ನು ಮೂರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲವಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. "ನಿನ್ನ ಬಿಟ್ಟು ಮೂರು ವರ್ಷ ನಾ ಅಲ್ಲಿ ಎಂತ ಮಾಡ್ದು? ನೀನೊಂದು ಮಾತು ಬೇಡ ಹೇಳಿದ್ರೆ ಸಾಕಿತ್ತ್. ನೀನು ಟ್ರಂಕಿಗೆ ಬಣ್ಣ ಹೊಡೆಸ್ದ."

ಕಮಲ ಕೆಸರು ಕೈಯಿಂದಲೇ ಕಣ್ಣು ಒರೆಸಿಕೊಂಡಳು. "ಇಪ್ಪತ್ತು ವರ್ಷಂದ ನೀವು ಹೋಗ್ತೆ ಹೋಗ್ತೆತ ಹೇಳ್ದು ಕೇಳಿದವ್ಳು ನಾನು. ನಾ ಬೇಡ ಹೇಳಿರೆ, ಸಾಯೊವರೆಗೆ ಇವಳಿಂದ ತಪ್ಪಿತ್‌ತ ನಿಮ್ಮ ಮನ್ಸ್‌ಲಿ ಇರ್ತಿತ್ತ್. ಅದ್ಕೆ ಬಾಯಿ ಕ‌ಟ್ಟಿಕಂಡೆ. ಬಣ್ಣ ಹೊಡೆಸಿ ಒಳಗೆ ಹೋಗಿ ಮರ್ಡಿದ್ದೆ."

ಅವಳು ಕದ್ದು ಅತ್ತದ್ದು ತಿಳಿದು ಅವನೂ ಮಳೆಯಲ್ಲಿ ಕೆಸರಿನ ನಡುವೆ ಅವಳ ಪಕ್ಕ ಕೂತ. ಮಾಯಿಲಪ್ಪನಿಗೆ ಮೈಸೂರಿನಲ್ಲಿ ಬಂದದ್ದು ನೆಮ್ಮದಿಯೇ ಅಲ್ಲ ಅನ್ನಿಸಿತು. ನೆಮ್ಮದಿ ಎಂದರೆ ಇದು. ಆಮೇಲೆ ಅವನು ಎದ್ದು ಉಳಿದ ಹೊರೆಗಳನ್ನೆಲ್ಲ ತಾನೇ ಹೊತ್ತು ಹಾಕಿದ, ಸಂಜೆಗೆ ಮೊದಲೇ ನಾಟಿ ಮುಗಿಯಿತು.

ಕಮಲ ಅಷ್ಟಕ್ಕೇ ಬಿಡುವವಳಲ್ಲ. ಮರುದಿನ ಬೆಳಿಗ್ಗೆ ಒಗೆದ ಷರಟು ಕೊಟ್ಟು ಬಂಗಲೆಗೆ ಕಳಿಸಿದಳು. ತಾನೂ ಹಿಂದೆ ಹಿಂದೆ ಬಂದು ಕೊಡೆ ಹಿಡಿದುಕೊಂಡು ಗೇಟಿನಲ್ಲಿ ನಿಂತಳು, ಗಂಡ ಅರ್ಧ ದಾರಿಯಿಂದ ವಾಪಸು ಬಂದಾನೆಂದು. ಮಾಯಿಲಪ್ಪ ನಡೆಯುತ್ತಲೇ ಲೆಕ್ಕ ಹಾಕಿದ. ಕೆಲಸ ಹೋದರೂ ಹೋಗಬಹುದು. ಮತ್ತೆ ಡಾಕ್ಟರ ಹತ್ತಿರ ನಡೆ, ಸರಿಯಾಗಿ ಹೇಳಿ ಸರ್ಟಿಫಿಕೇಟು ತಾ ಎಂದರೆ ಎಲ್ಲ ಮೊದಲಿನಿಂದ.

ಕುಶಾಲಪ್ಪನವರು ಜಗಲಿಯಲ್ಲಿ ಕೂತು ಬೂಟಿಗೆ ದಾರ ಕಟ್ಟುತ್ತಿದ್ದರು. "ಎದೆ ಹೇಗಿದೆ?" ಎಂದರು ತಲೆಯೆತ್ತದೆ.

"ಎದೆಗೆ ಏನೂ ಆಗಿಲ್ಲ ಸಾರ್. ನಾನು ಸುಳ್ಳು ಹೇಳಿದೆ."

"ಗೊತ್ತು."

ಕುಶಾಲಪ್ಪನವರು ಎರಡನೆಯ ಬೂಟನ್ನೂ ಕಟ್ಟಿ ಮುಗಿಸಿದರು.

"ಡಾಕ್ಟರ ಕಾಗದದಲ್ಲಿ ದೊಡ್ಡ ದೊಡ್ಡ ಪದ ಇತ್ತು, ಅದೊಂದೂ ಅರ್ಥ ಆಗ್ಲಿಲ್ಲ ನಂಗೆ. ಕೆಂಪು ಅನ್ನೋದು ಅರ್ಥ ಆಯ್ತು, ಮೇಲೆ ಹಾಕಿದ್ದ ತಾರೀಕೂ ಅರ್ಥ ಆಯ್ತು. ನಾನೂ ಕೊಡಗಿನಲ್ಲೇ ಹುಟ್ಟಿದವನಲ್ವಾ ಮಾರಾಯ? ಆವತ್ತು ಬೆಳಿಗ್ಗೆ ನಂದೂ ಅದೇ ಬಣ್ಣ."

"ಸಾರ್..."

"ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿ ಹೇಳೋಣ ಅಂತ ಎದ್ದವನು ಮತ್ತೆ ಕೂತೆ. ಹೋಗೋ ಮನಸ್ಸಿದ್ದವನು ಅಲ್ಲೇ ಬಾಯಿ ಬಿಟ್ಟಿರ್ತಿದ್ದ. ನೀನು ಬಿಡ್ಲಿಲ್ಲ." ಅವರು ಈಗ ತಲೆಯೆತ್ತಿ ನೋಡಿದರು. "ಅಷ್ಟು ಜನರ ಮುಂದೆ ನಿನ್ನನ್ನ ಒಂದು ಮಾತೂ ಕೇಳದೆ ಹೊರಡಿಸಿದ್ದು ನಂದೂ ತಪ್ಪೇ. ಆದ್ರೆ ನೀನಾಗಿ ಬಂದು ಹೇಳ್ತೀಯಾ ಅಂತ ದಿನಾ ಬೆಳಿಗ್ಗೆ ಎದೆ ವಿಚಾರಿಸ್ತಿದ್ದೆ. ಹನ್ನೊಂದು ದಿನ ತಗೊಂಡೆ!"

ದ್ವೀಪಕ್ಕೆ ನಾಣಯ್ಯನ ಹೆಸರು ಬರೆದು ವಾರವಾಗಿತ್ತಂತೆ. ಬೆಂಚಿನ ಮೇಲಿನ ಪ್ರಯಾಣವನ್ನು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದವನು ನಿಜವಾಗಿ ಹೋಗಲು ಹಾತೊರೆಯುತ್ತಿದ್ದನೆಂದು ಕುಶಾಲಪ್ಪನವರು ಕೇಳಿದಾಗಲೇ ತಿಳಿದದ್ದು. ಅವನು ಸಾಹುಕಾರರ ಕಾಲಿಗೇ ಬಿದ್ದಿದ್ದನಂತೆ, ರೈಟರಿಗೆ ಮಾತ್ರ ಹೇಳಬೇಡಿ, ಎದೆ ನೋಯುತ್ತದೆ ಎಂದು. ಬಣ್ಣ ಪೂರ್ತಿ ಇಳಿದ ಮೇಲೆಯೇ ಅವನನ್ನು ಮೈಸೂರಿಗೆ ಕಳಿಸುವುದೆಂದು ಗೊತ್ತಾಗಿತ್ತು. ಮಾಯಿಲಪ್ಪ ನಕ್ಕ. ಮೂರು ತಿಂಗಳಲ್ಲಿ ಮೊದಲನೆಯ ಸಲ ಹೊಟ್ಟೆಯಿಂದ ನಗು ಬಂತು. ಉಪ್ಪಿನಕಾಯಿಯ ಎರಡೂ ಭರಣಿ ನಾಣಯ್ಯನಿಗೇ ಎಂದು ಅಲ್ಲೇ ಹೇಳಿಬಿಟ್ಟ.

ಗೇಟಿನ ಹತ್ತಿರ ಕಮಲ ಕೊಡೆಯ ಕೆಳಗೆ ಒದ್ದೆಯಾಗಿ ನಿಂತಿದ್ದಳು. ಅವನ ನಡಿಗೆಯಲ್ಲೇ ಅವಳಿಗೆ ಅರ್ಧ ತಿಳಿಯಿತು. "ಎಂತ ಹೇಳ್ದೊ?" ಎಂದಳು ಆದರೂ.

"ಇಂದೇ ಕೆಲ್ಸಕ್ಕೆ ಬರೊಕುತ ಹೇಳ್ದೊ."

ಕೊಡೆಯನ್ನು ಅವನ ಕೈಗೆ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿ ತಿರುಗಿ ನಿಂತಳು.

"ಸಂಜೆಗೆ ಎಂತ ಸಾರ್ ಮಾಡೊಕು?"

ಮೇ ತಿಂಗಳಲ್ಲಿ ಆ ಕಾಗದ ಬಂದ ಮೇಲೆ ಅವಳು ಈ ಪ್ರಶ್ನೆ ಕೇಳಿರಲೇ ಇಲ್ಲ. ಮಾಯಿಲಪ್ಪ ತುಂಬ ಹೊತ್ತು ಯೋಚಿಸಿ, ಹುರುಳಿ ಸಾರು ಎಂದ.